ಮೆಡಿಟರೇನಿಯನ್ ತೀರದಲ್ಲಿ ಮನೆಮಂದಿಯ ರಜೆ: ಸ್ಪೇನ್‌ನ ಸಲೌಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಯುರೋಪ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಯೋಚಿಸುವುದು ಹತ್ತು ದಿನದಲ್ಲಿ ಐದಾರು ದೇಶ ಸುತ್ತಿಸುವ ಬಸ್ ಪ್ರವಾಸವನ್ನೇ. ದಿನಾ ಬೆಳಗ್ಗೆ ಪೆಟ್ಟಿಗೆ ಕಟ್ಟಬೇಕು, ದಿನಾ ಹೊಸ ಹೋಟೆಲ್. ಜೊತೆಯಲ್ಲಿ ಚಿಕ್ಕ ಮಕ್ಕಳು, ಮಂಡಿ ನೋವಿರುವ ಅಜ್ಜಿ ಇದ್ದರೆ ಮೂರನೇ ದಿನಕ್ಕೇ ಎಲ್ಲರಿಗೂ ಸಾಕಾಗಿರುತ್ತದೆ. ಈ ಬರಹ ಬೇರೆ ಥರದ ರಜೆಯ ಬಗ್ಗೆ. ಒಂದೇ ಊರು, ಒಂದೇ ಹೋಟೆಲ್, ನಡೆದು ಹೋಗುವಷ್ಟು ಹತ್ತಿರ ಸಮುದ್ರ, ಪೂರ್ತಿ ಒಂದು ವಾರ. ಮನೆಯಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಹೋಗುವುದಾದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮೆಡಿಟರೇನಿಯನ್ ದೊಡ್ಡದು. ಹಾಗಾಗಿ ಒಂದು ಊರನ್ನು ಹಿಡಿದುಕೊಂಡೇ ಹೇಳುತ್ತೇನೆ. ಅದು ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ, ಬಾರ್ಸಿಲೋನಾದಿಂದ ಸುಮಾರು 100 ಕಿಲೋಮೀಟರ್ ನೈರುತ್ಯಕ್ಕೆ ಇರುವ ಸಲೌ. ಈ ಕರಾವಳಿಗೆ ಕೋಸ್ಟಾ ದೌರಾದಾ ಅಂತ ಹೆಸರು.

ಸಲೌ ಯಾಕೆ?

ಮೊದಲ ಕಾರಣ ಮರಳು. ಮೆಡಿಟರೇನಿಯನ್‌ನ ಎಷ್ಟೋ ಚಂದದ ಕಡಲತೀರಗಳಲ್ಲಿ ಕಾಲಡಿಗೆ ಸಿಗುವುದು ಬೆಣಚುಕಲ್ಲು. ಫೋಟೊದಲ್ಲಿ ಅದು ಗೊತ್ತೇ ಆಗುವುದಿಲ್ಲ. ಸಲೌನಲ್ಲಿ ನುಣ್ಣನೆಯ ಹೊಂಬಣ್ಣದ ಮರಳಿದೆ, ನೀರಿನ ಆಳ ನಿಧಾನವಾಗಿ ಹೆಚ್ಚುತ್ತದೆ. ಮಗು ಮೊಣಕಾಲುದ್ದ ನೀರಿನಲ್ಲಿ ಸಾಕಷ್ಟು ದೂರ ನಡೆಯಬಹುದು. ಊರಿನ ಮುಖ್ಯ ಕಡಲತೀರ ಲ್ಯೆವಾಂತ್, ಒಂದು ಕಿಲೋಮೀಟರ್‌ಗೂ ಜಾಸ್ತಿ ಉದ್ದ. ಅದರ ಪಕ್ಕದಲ್ಲೇ ತಾಳೆ ಮರಗಳ ಸಾಲಿರುವ ಅಗಲವಾದ, ಸಮತಟ್ಟಾದ ಕಾಲುದಾರಿ. ಹಿರಿಯರಿಗೆ ಇದು ದೊಡ್ಡ ಅನುಕೂಲ. ಮೆಟ್ಟಿಲು, ಏರು ಇಲ್ಲದೆ ಸಂಜೆ ವಾಕಿಂಗ್ ಮಾಡಬಹುದು, ಕೂರಲು ಬೆಂಚುಗಳಿವೆ.

ಎರಡನೇ ಕಾರಣ, ಸುತ್ತಮುತ್ತ ನೋಡುವುದಕ್ಕೆ ಬೇಕಾದಷ್ಟಿದೆ. ಪಕ್ಕದಲ್ಲೇ ಪೋರ್ಟ್‌ಅವೆಂತುರಾ ಥೀಮ್ ಪಾರ್ಕ್ ಇದೆ. ಹತ್ತು ಕಿಲೋಮೀಟರ್ ಆಚೆ ರೋಮನ್ನರ ಕಾಲದ ತಾರಗೋನಾ, ಇನ್ನೊಂದು ಬದಿಗೆ ಮೀನುಗಾರರ ಊರು ಕಾಂಬ್ರಿಲ್ಸ್.

ಸದ್ದುಗದ್ದಲ ಇಲ್ಲದ, ಪ್ರವಾಸಿಗರೇ ಕಾಣದ ಹಳ್ಳಿ ಬೇಕು ಅನ್ನುವವರಿಗೆ ಸಲೌ ಹಿಡಿಸುವುದಿಲ್ಲ. ಇದು ಅಪ್ಪಟ ರೆಸಾರ್ಟ್ ಊರು. ಅದಕ್ಕೇ ಮಕ್ಕಳಿರುವ ಮನೆಗೆ ಇಲ್ಲಿ ಎಲ್ಲವೂ ಕೈಗೆ ಸಿಗುತ್ತದೆ.

ಹೆಜ್ಜೆ 1: ತಿಂಗಳು ಆರಿಸಿ

ಇಡೀ ಯೋಜನೆ ನಿಂತಿರುವುದು ಇದರ ಮೇಲೆ. ಸ್ವಲ್ಪ ನಿಧಾನವಾಗಿ ಓದಿ.

ನಮಗೆ ಬೇಸಿಗೆ ರಜೆ ಅಂದರೆ ಏಪ್ರಿಲ್, ಮೇ. ಮಲ್ಪೆ, ಗೋಕರ್ಣದ ನೀರು ವರ್ಷವಿಡೀ ಬೆಚ್ಚಗಿರುವುದರಿಂದ ಯಾವ ತಿಂಗಳು ಹೋದರೂ ಸಮುದ್ರಕ್ಕೆ ಇಳಿಯಬಹುದು ಅಂತ ನಮ್ಮ ಲೆಕ್ಕ. ಮೆಡಿಟರೇನಿಯನ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಏಪ್ರಿಲ್‌ನಲ್ಲಿ ಸಲೌ ತೀರದ ನೀರು ಸುಮಾರು 14–15 ಡಿಗ್ರಿ, ಮೇ ತಿಂಗಳಲ್ಲಿ 17ರ ಆಸುಪಾಸು. ಬಿಸಿಲು ಹಿತವಾಗಿರುತ್ತದೆ, ಆದರೆ ನಮ್ಮ ಮಕ್ಕಳು ಆ ನೀರಿಗೆ ಕಾಲಿಟ್ಟು ಕಿರುಚಿಕೊಂಡು ಓಡಿ ಬರುತ್ತಾರೆ. ಸಮುದ್ರದ ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಜೂನ್‌ನಲ್ಲಿ 21ಕ್ಕೆ ಬಂದು, ಆಗಸ್ಟ್‌ನಲ್ಲಿ 25ರವರೆಗೆ ಏರಿ, ಸೆಪ್ಟೆಂಬರ್‌ನಲ್ಲಿ 24ರ ಹತ್ತಿರ ನಿಂತು, ಅಕ್ಟೋಬರ್‌ನಲ್ಲಿ ಮತ್ತೆ 21ರ ಸುಮಾರಿಗೆ ಇಳಿಯುತ್ತದೆ.

ಅಂದರೆ ಕರ್ನಾಟಕದ ಶಾಲೆಗಳ ಮಕ್ಕಳಿಗೆ ಬೇಸಿಗೆ ರಜೆಗಿಂತ ದಸರಾ ರಜೆಯೇ ಈ ಸಮುದ್ರಕ್ಕೆ ಸರಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ನೀರಿಗೆ ಇಳಿಯಬಹುದು, ಜನ ಕಮ್ಮಿ, ಹೋಟೆಲ್ ದರ ಆಗಸ್ಟ್‌ಗಿಂತ ಎಷ್ಟೋ ಇಳಿದಿರುತ್ತದೆ. ಇದರ ಜೊತೆ ಎರಡು ತೊಂದರೆಗಳೂ ಇವೆ. ಆ ಕರಾವಳಿಯಲ್ಲಿ ಮಳೆ ಜಾಸ್ತಿ ಬೀಳುವುದು ಇದೇ ಕಾಲದಲ್ಲಿ. ಬಂದರೆ ಒಂದೆರಡು ದಿನ ಜೋರಾಗಿ ಸುರಿದು ಹೋಗುತ್ತದೆ. ಆದ್ದರಿಂದ ಐದು ದಿನಕ್ಕಿಂತ ಏಳು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಇನ್ನೊಂದು, ಅಕ್ಟೋಬರ್ ಕೊನೆಯ ಹೊತ್ತಿಗೆ ಅಲ್ಲಿನ ಎಷ್ಟೋ ಹೋಟೆಲ್‌ಗಳು ಚಳಿಗಾಲಕ್ಕೆ ಬಾಗಿಲು ಹಾಕುತ್ತವೆ. ದಸರಾ ತಡವಾಗಿ ಬರುವ ವರ್ಷಗಳಲ್ಲಿ ಹೋಟೆಲ್ ತೆರೆದಿರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಲಂಡನ್, ಜರ್ಮನಿ, ದುಬೈ ಕಡೆ ಇರುವ ಕನ್ನಡಿಗರಿಗೆ ಮಕ್ಕಳ ರಜೆ ಸಿಗುವುದೇ ಜುಲೈ, ಆಗಸ್ಟ್‌ನಲ್ಲಿ. ನಿಮಗೆ ನನ್ನ ಸಲಹೆ ಜುಲೈ ಮೊದಲರ್ಧ. ಆಗಸ್ಟ್ ಅಂದರೆ ಸ್ಪೇನ್‌ನವರಿಗೂ ರಜೆ. ಅದರಲ್ಲೂ ಆಗಸ್ಟ್ 15 ಅಲ್ಲಿ ಹಬ್ಬದ ದಿನ, ಸಲೌನಲ್ಲಿ ಆ ವಾರ ಕಾಲಿಡಲು ಜಾಗ ಇರುವುದಿಲ್ಲ.

ಹೆಜ್ಜೆ 2: ವೀಸಾ

ಸ್ಪೇನ್‌ಗೆ ಷೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ನಿಯಮದ ಪ್ರಕಾರ ತೀರ್ಮಾನಕ್ಕೆ 15 ದಿನ ಸಾಕು, ಆದರೆ ಅವರು 45 ದಿನದವರೆಗೂ ತೆಗೆದುಕೊಳ್ಳಬಹುದು. ದಸರಾಕ್ಕೆ ಹೋಗುವವರು ಜುಲೈನಲ್ಲೇ ಅರ್ಜಿ ಹಾಕಿಬಿಡಿ. ಬೆಂಗಳೂರಿನಲ್ಲೇ ಸ್ಪೇನ್ ವೀಸಾ ಅರ್ಜಿ ತೆಗೆದುಕೊಳ್ಳುವ ಬಿಎಲ್‌ಎಸ್ ಕೇಂದ್ರ ಇದೆ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ, ಆರು ವರ್ಷದೊಳಗಿನವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. 12 ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ.

ಒಂದೇ ಊರಿನಲ್ಲಿ ಉಳಿಯುವ ಯೋಜನೆ ಇಲ್ಲೂ ಕೆಲಸ ಹಗುರ ಮಾಡುತ್ತದೆ. ಯಾವ ದೇಶದಲ್ಲಿ ಹೆಚ್ಚು ದಿನ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು ಅನ್ನುವುದು ಷೆಂಗೆನ್ ನಿಯಮ. ಎಲ್ಲ ದಿನವೂ ಸ್ಪೇನ್‌ನಲ್ಲೇ ಇದ್ದರೆ ಗೊಂದಲವೇ ಇಲ್ಲ. ಹೋಟೆಲ್ ಬುಕಿಂಗ್ ಒಂದು, ವಿಮಾನದ ರಿಸರ್ವೇಶನ್ ಒಂದು, ದಿನಚರಿ ಅರ್ಧ ಪುಟ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಷೆಂಗೆನ್ ಬಿಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು, ಎರಡು ಖಾಲಿ ಪುಟ ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಆಫೀಸಿನ ರಜೆ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಜೋಡಿಸಿಡಿ. ಅಪ್ಪ ಅಥವಾ ಅಮ್ಮ ಒಬ್ಬರೇ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು. ಅಜ್ಜ ಅಜ್ಜಿಯ ಖರ್ಚು ನೀವು ನೋಡಿಕೊಳ್ಳುವುದಾದರೆ ಅದನ್ನೂ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚಿಗೆ ಇರಲೇಬೇಕು. ಹಿರಿಯರಿಗೆ ವಿಮೆ ಮಾಡಿಸುವಾಗ ಅಗ್ಗದ್ದನ್ನೇ ನೋಡಬೇಡಿ. ಬಿಪಿ, ಶುಗರ್ ಇರುವುದನ್ನು ಮುಚ್ಚಿಡಬೇಡಿ. ಮೊದಲೇ ಇರುವ ಕಾಯಿಲೆಗೆ ವಿಮೆ ಎಷ್ಟರ ಮಟ್ಟಿಗೆ ಕೊಡುತ್ತದೆ ಅನ್ನುವ ಸಾಲನ್ನು ಪಾಲಿಸಿಯಲ್ಲಿ ಹುಡುಕಿ ಓದಿ.

ಹೆಜ್ಜೆ 3: ವಿಮಾನ, ಮತ್ತೆ ಸಲೌವರೆಗಿನ ದಾರಿ

ಬೆಂಗಳೂರಿನಿಂದ ಬಾರ್ಸಿಲೋನಾಗೆ ನೇರ ವಿಮಾನ ಇಲ್ಲ. ದೋಹಾ, ದುಬೈ, ಅಬುಧಾಬಿ ಮೂಲಕ ಹೋಗಬಹುದು, ಇಲ್ಲವೇ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಮೂಲಕ. ಟಿಕೆಟ್ ದರ ಹೋಲಿಸುವಾಗ ಒಂದು ವಿಷಯ ಗಮನದಲ್ಲಿಡಿ. ಯುರೋಪಿನ ಊರಿನಲ್ಲಿ ವಿಮಾನ ಬದಲಿಸಿದರೆ ಇಮಿಗ್ರೇಶನ್ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಪ್ರಯಾಣಿಕರ ಬರುಹೋಗುವಿಕೆಯನ್ನು ಕಂಪ್ಯೂಟರ್‌ನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ, ಮುಖದ ಫೋಟೊ ತೆಗೆಯುತ್ತಾರೆ. ಸಾಲು ಉದ್ದ ಇರಬಹುದು. ಅಲ್ಲಿ ಒಂದೂವರೆ ಗಂಟೆಯ ಕನೆಕ್ಷನ್ ಇಟ್ಟುಕೊಂಡು ಮಕ್ಕಳನ್ನು ಎಳೆದುಕೊಂಡು ಓಡುವುದು ಯಾಕೆ? ಮೂರು ಗಂಟೆಯಾದರೂ ಇರಲಿ. ಕೊಲ್ಲಿ ದೇಶಗಳ ಮೂಲಕ ಹೋದರೆ ಈ ಕೆಲಸ ಬಾರ್ಸಿಲೋನಾದಲ್ಲಿ ಆಗುತ್ತದೆ. ಆಮೇಲೆ ಹಿಡಿಯಬೇಕಾದ ವಿಮಾನ ಇರುವುದಿಲ್ಲ. ಹಿರಿಯರು ಇದ್ದರೆ ನಾನು ಕೊಲ್ಲಿ ದೇಶಗಳ ದಾರಿಯನ್ನೇ ಆರಿಸುತ್ತೇನೆ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿಡಿ.

ಬಾರ್ಸಿಲೋನಾ ವಿಮಾನ ನಿಲ್ದಾಣದಿಂದ ಸಲೌಗೆ ನೇರ ಬಸ್ ಇದೆ, ಸುಮಾರು ಒಂದೂವರೆ ಗಂಟೆ. ರೈಲು ಬೇಕಿದ್ದರೆ ಬಾರ್ಸಿಲೋನಾ ಸಾಂತ್ಸ್ ನಿಲ್ದಾಣಕ್ಕೆ ಹೋಗಿ 'ಸಲೌ ಪೋರ್ಟ್‌ಅವೆಂತುರಾ' ನಿಲ್ದಾಣದ ಪ್ರಾದೇಶಿಕ ರೈಲು ಹಿಡಿಯಬೇಕು. ವೇಗದ ರೈಲು ಅಂತ ಆಸೆಪಟ್ಟು 'ಕಾಂಪ್ ದೆ ತಾರಗೋನಾ'ಗೆ ಟಿಕೆಟ್ ಮಾಡಬೇಡಿ. ಆ ನಿಲ್ದಾಣ ಊರಿನಿಂದ ದೂರ, ಬಯಲಿನ ಮಧ್ಯೆ ಇದೆ. ಅಲ್ಲಿಂದ ಮತ್ತೆ ಬಸ್ಸೋ ಟ್ಯಾಕ್ಸಿಯೋ ಬೇಕು.

ಆರು ಜನ ಇದ್ದರೆ ಬಾಡಿಗೆ ಕಾರು ಲೆಕ್ಕಕ್ಕೆ ಬರಬಹುದು. ನಮ್ಮ ಲೈಸೆನ್ಸ್ ಜೊತೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. 135 ಸೆಂಟಿಮೀಟರ್‌ಗಿಂತ ಎತ್ತರ ಇಲ್ಲದ ಮಕ್ಕಳು ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿನಲ್ಲೇ ಕೂರಬೇಕು. ಎಪಿ-7 ಹೆದ್ದಾರಿಯ ಈ ಭಾಗಕ್ಕೆ 2021ರ ಸೆಪ್ಟೆಂಬರ್‌ನಿಂದ ಟೋಲ್ ಇಲ್ಲ. ಊರೊಳಗೆ ಮಾತ್ರ ಕಾರು ಬೇಕಾಗುವುದೇ ಇಲ್ಲ.

ಹೆಜ್ಜೆ 4: ಎಲ್ಲಿ ಉಳಿಯುವುದು?

ಅಲ್ಲಿ ಎರಡು ಬಗೆ. ಒಂದು ಹೋಟೆಲ್. ಅದರಲ್ಲಿ ತಿಂಡಿ ಮಾತ್ರ, ತಿಂಡಿ ಮತ್ತು ರಾತ್ರಿ ಊಟ, ಮೂರೂ ಹೊತ್ತು, ಕುಡಿಯುವುದೂ ಸೇರಿ ಎಲ್ಲವೂ, ಹೀಗೆ ಬೇರೆ ಬೇರೆ ದರ. ಇನ್ನೊಂದು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹೋಟೆಲ್.

ಸಸ್ಯಾಹಾರಿ ಮನೆಯಾದರೆ ಅಪಾರ್ಟ್‌ಮೆಂಟ್ ಹೋಟೆಲ್ ಅಂತ ಕಣ್ಣುಮುಚ್ಚಿ ಹೇಳುತ್ತೇನೆ. ಬೆಳಗ್ಗೆ ಅವಲಕ್ಕಿ, ರಾತ್ರಿ ಅನ್ನ ಸಾರು ಇದ್ದುಬಿಟ್ಟರೆ ಹಿರಿಯರೂ ಗೆಲುವಾಗಿರುತ್ತಾರೆ. ಮಧ್ಯಾಹ್ನ ಒಂದು ಹೊತ್ತು ಹೊರಗೆ ತಿಂದರಾಯ್ತು. ಮೀನು, ಕೋಳಿ ತಿನ್ನುವವರಿಗೆ ತಿಂಡಿ ಮತ್ತು ರಾತ್ರಿ ಊಟ ಸೇರಿದ ಹೋಟೆಲ್ ಒಳ್ಳೆಯದು. ಎಲ್ಲವೂ ಸೇರಿದ್ದನ್ನು ತೆಗೆದುಕೊಂಡರೆ ದುಡ್ಡು ಕೊಟ್ಟಿದ್ದೇವಲ್ಲ ಅಂತ ದಿನಾ ಮಧ್ಯಾಹ್ನ ಹೋಟೆಲ್‌ಗೇ ಓಡಿ ಬರುವಂತಾಗುತ್ತದೆ.

ಬುಕ್ ಮಾಡುವಾಗ ಎಷ್ಟು ಜನ, ಮಕ್ಕಳ ವಯಸ್ಸು ಎಷ್ಟು ಅಂತ ಸರಿಯಾಗಿ ನಮೂದಿಸಿ. ಒಂದು ರೂಮಿಗೆ ಇಬ್ಬರು ಅಂತ ಬರೆದು ನಾಲ್ಕು ಜನ ಹೋಗಿ ಎಕ್ಸ್‌ಟ್ರಾ ಹಾಸಿಗೆ ಕೇಳುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಹೋಟೆಲ್ ದರದ ಮೇಲೆ ಕ್ಯಾಟಲೋನಿಯಾದ ಪ್ರವಾಸಿ ತೆರಿಗೆ ಪ್ರತ್ಯೇಕ. 16 ವರ್ಷದವರೆಗಿನ ಮಕ್ಕಳಿಗೆ ಇದು ಇಲ್ಲ, ಉಳಿದವರಿಗೂ ಹೆಚ್ಚೆಂದರೆ ಏಳು ರಾತ್ರಿಗೆ ಮಾತ್ರ.

ನಕ್ಷೆ ತೆಗೆದು ಹೋಟೆಲ್‌ನಿಂದ ಮರಳಿಗೆ ನಡೆಯುವ ದೂರ ಅಳೆಯಿರಿ. 'ಕಡಲತೀರದ ಹತ್ತಿರ' ಅಂತ ಬರೆದಿರುವುದನ್ನು ನಂಬಬೇಡಿ. ಚಿಕ್ಕ ಮಕ್ಕಳು, ಒದ್ದೆ ಟವಲ್, ಹಸಿವು, ಮಧ್ಯಾಹ್ನದ ಬಿಸಿಲು ಎಲ್ಲ ಸೇರಿದಾಗ ಹದಿನೈದು ನಿಮಿಷದ ನಡಿಗೆ ಬಹಳ ಉದ್ದ ಅನ್ನಿಸುತ್ತದೆ. ಐದು ನಿಮಿಷದೊಳಗೆ ಇದ್ದರೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಹೆಜ್ಜೆ 5: ಊಟ ತಿಂಡಿ

ಮೊದಲು ಪೆಟ್ಟಿಗೆಯ ವಿಷಯ. ಹೊರಗಿನ ದೇಶಗಳಿಂದ ಮಾಂಸ, ಹಾಲು, ಅವುಗಳಿಂದ ಮಾಡಿದ ಪದಾರ್ಥಗಳನ್ನು ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ತುಪ್ಪ, ಪನೀರ್, ಧಾರವಾಡ ಪೇಡ ಎಲ್ಲ ಇದರಲ್ಲಿ ಬರುತ್ತವೆ. ಎಳೆ ಮಕ್ಕಳ ಹಾಲಿನ ಪುಡಿಗೆ ಮಾತ್ರ ಮಿತಿಯೊಳಗೆ ವಿನಾಯಿತಿ ಇದೆ, ಸೀಲ್ ಒಡೆಯದ ಡಬ್ಬಿ ಇಟ್ಟುಕೊಳ್ಳಿ. ಮಾವಿನ ಹಣ್ಣು, ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಸಾರಿನ ಪುಡಿ, ಗಟ್ಟಿ ಅವಲಕ್ಕಿ ಒಯ್ಯಬಹುದು. ಅಕ್ಕಿ, ಮೊಸರು, ತರಕಾರಿ, ಬೇಳೆ ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತವೆ. ನಲ್ಲಿ ನೀರು ಕುಡಿಯಬಹುದು, ಆದರೆ ರುಚಿ ಹಿಡಿಸುವುದು ಕಷ್ಟ. ಐದು ಲೀಟರ್ ಕ್ಯಾನ್ ತಂದಿಟ್ಟುಕೊಳ್ಳುವುದು ವಾಸಿ.

ಹೊರಗೆ ತಿನ್ನುವಾಗ ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ. 'ವೆಜಿಟೇರಿಯನ್' ಅಂದರೆ ಎಲ್ಲರಿಗೂ ಒಂದೇ ಅರ್ಥ ಹೊಳೆಯುವುದಿಲ್ಲ. 'ಎನ್ಸಲಾದಾ ಮಿಸ್ತಾ' ಅನ್ನುವ ಸಾದಾ ಸಲಾಡ್‌ನಲ್ಲೂ ಸಾಮಾನ್ಯವಾಗಿ ಟ್ಯೂನಾ ಮೀನು ಇರುತ್ತದೆ. ತರಕಾರಿ ಖಾದ್ಯದ ಮೇಲೆ ಹಂದಿ ಮಾಂಸದ ಚೂರು ಉದುರಿಸಿ ತರುವುದೂ ಉಂಟು. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್' ಅಂತ ಬಿಡಿಸಿ ಹೇಳಿ. ಮಾಂಸ ಬೇಡ, ಮೀನು ಬೇಡ, ಹಂದಿ ತೊಡೆಯ ಮಾಂಸ ಬೇಡ ಅಂತ. ಮೊಟ್ಟೆಯೂ ಬೇಡದಿದ್ದರೆ 'ಸಿನ್ ವೆವೊ' ಸೇರಿಸಿ.

ಹಾಗಂತ ಹೆದರಬೇಕಿಲ್ಲ. ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ಬ್ರೆಡ್ಡು 'ಪಾ ಅಂಬ್ ತುಮಾಕತ್' ಎಲ್ಲ ಕಡೆ ಸಿಗುತ್ತದೆ. 'ಎಸ್ಕಲಿವಾದಾ' ಅಂದರೆ ಕೆಂಡದಲ್ಲಿ ಸುಟ್ಟ ಬದನೆಕಾಯಿ, ದಪ್ಪ ಮೆಣಸಿನಕಾಯಿ, ಸಿಪ್ಪೆ ತೆಗೆದು ಉದ್ದುದ್ದ ಸೀಳಿ ಎಣ್ಣೆ ಹಾಕಿರುತ್ತಾರೆ. ಸುಟ್ಟ ಬದನೆಕಾಯಿ ಗೊಜ್ಜು ತಿಂದು ಬೆಳೆದ ನಮಗೆ ಅದು ಮೊದಲ ತುತ್ತಿಗೇ ಇಷ್ಟವಾಗುತ್ತದೆ. 'ಪತಾತಾಸ್ ಬ್ರಾವಾಸ್' ಅನ್ನುವ ಕರಿದ ಆಲೂಗಡ್ಡೆ ಮಕ್ಕಳಿಗೆ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್ 'ತೋರ್ತಿಯಾ'.

ಅಲ್ಲಿನ ಊಟದ ಹೊತ್ತು ನಮ್ಮದಕ್ಕಿಂತ ತಡ. ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ, ರಾತ್ರಿ ಎಂಟೂವರೆ, ಒಂಬತ್ತರ ಮೇಲೆ. ಮಧ್ಯಾಹ್ನದ 'ಮೆನು ದೆಲ್ ದಿಯಾ' ಕೇಳಿ. ಒಂದು ನಿಗದಿ ದರಕ್ಕೆ ಎರಡು ಬಗೆ, ಕೊನೆಗೆ ಸಿಹಿ ಅಥವಾ ಹಣ್ಣು, ಜೊತೆಗೆ ಬ್ರೆಡ್ಡು ಕೊಡುತ್ತಾರೆ. ವಾರದ ದಿನಗಳಲ್ಲಿ ಹೊಟ್ಟೆ ತುಂಬ ಉಣ್ಣುವುದಕ್ಕೆ ಇದೇ ಅಗ್ಗದ ದಾರಿ.

ಹೆಜ್ಜೆ 6: ಸಮುದ್ರದಲ್ಲಿ

ಮೆಡಿಟರೇನಿಯನ್‌ನಲ್ಲಿ ಭರತ ಇಳಿತ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಬೆಳಗ್ಗೆ ಚಾಪೆ ಹಾಸಿದ ಜಾಗ ಸಂಜೆಯವರೆಗೂ ಒಣಗೇ ಇರುತ್ತದೆ. ನಮ್ಮ ಕರಾವಳಿಯ ಅಲೆ ನೋಡಿದವರಿಗೆ ಇದು ಕೆರೆಯ ಹಾಗೆ ಕಾಣಬಹುದು. ಆದರೂ ಸಮುದ್ರ ಸಮುದ್ರವೇ.

ಮರಳಿಗೆ ಕಾಲಿಡುವ ಮೊದಲು ಬಾವುಟ ನೋಡಿ. ಹಸಿರು ಇದ್ದರೆ ಇಳಿಯಬಹುದು, ಹಳದಿ ಇದ್ದರೆ ಜಾಗ್ರತೆ, ಕೆಂಪು ಇದ್ದರೆ ನೀರಿಗೆ ಇಳಿಯುವಂತಿಲ್ಲ. ಬೇಸಿಗೆಯಲ್ಲಿ ಇರುವಷ್ಟು ಜೀವರಕ್ಷಕರು ಅಕ್ಟೋಬರ್‌ನಲ್ಲಿ ಇರುವುದಿಲ್ಲ. ಹಾಗಾಗಿ ದಸರಾಕ್ಕೆ ಹೋದವರು ಇನ್ನೂ ಹೆಚ್ಚು ಹುಷಾರಾಗಿರಬೇಕು. ಮಕ್ಕಳು ನೀರಲ್ಲಿದ್ದಾಗ ದೊಡ್ಡವರೊಬ್ಬರು ಫೋನ್ ಇಲ್ಲದೆ ನೀರಲ್ಲೇ ನಿಂತಿರಲಿ. ಪಾಳಿ ಹಚ್ಚಿಕೊಳ್ಳಿ.

ನಿಜವಾಗಿ ಹೆದರಬೇಕಾದದ್ದು ಗಾಳಿಗೆ. ದಕ್ಷಿಣ ಕ್ಯಾಟಲೋನಿಯಾದಲ್ಲಿ ವಾಯವ್ಯದಿಂದ ಬೀಸುವ 'ಮೆಸ್ತ್ರಾಲ್' ಗಾಳಿ ನೆಲದಿಂದ ಸಮುದ್ರದ ಕಡೆಗೆ ಹೋಗುತ್ತದೆ. ಆ ದಿನ ದಡದ ಹತ್ತಿರ ಅಲೆಯೇ ಇರುವುದಿಲ್ಲ, ನೀರು ಗಾಜಿನಂತೆ ಕಾಣುತ್ತದೆ. ಆಗ ಮಗುವನ್ನು ಗಾಳಿ ತುಂಬಿದ ಹಾಸಿಗೆಯ ಮೇಲೋ ಬಾತುಕೋಳಿ ಟ್ಯೂಬಿನಲ್ಲೋ ಕೂರಿಸಿ ಬಿಟ್ಟರೆ, ಅದು ಸದ್ದಿಲ್ಲದೆ ಆಳದ ಕಡೆಗೆ ಜಾರುತ್ತಾ ಹೋಗುತ್ತದೆ. ನೀವು ಟವಲ್ ಮಡಚಿ ತಲೆ ಎತ್ತುವಷ್ಟರಲ್ಲಿ ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ. ಹೋಟೆಲ್‌ನಲ್ಲಿ ಹೊರಡುವ ಮೊದಲೇ ಗಾಳಿಯ ದಿಕ್ಕು ನೋಡಿ. ದಡದ ಬಾವುಟ ಸಮುದ್ರದ ಕಡೆಗೆ ಹಾರುತ್ತಿದ್ದರೆ ಟ್ಯೂಬು, ಹಾಸಿಗೆ ಎಲ್ಲ ರೂಮಿನಲ್ಲೇ ಇರಲಿ. ಈಜುಕೊಳಕ್ಕೆ ಅವು ಸರಿ.

ಕೆಲವು ದಿನ ಲೋಳೆಮೀನು, ಅಂದರೆ ಜೆಲ್ಲಿಫಿಶ್ ಬರುತ್ತವೆ. ಕುಟುಕಿದರೆ ಉಜ್ಜಬೇಡಿ, ಸಿಹಿ ನೀರು ಹಾಕಬೇಡಿ. ಸಮುದ್ರದ ನೀರಿನಿಂದಲೇ ತೊಳೆದು ಜೀವರಕ್ಷಕರ ಹತ್ತಿರ ಹೋಗಿ. ಅವರು ಇಲ್ಲದಿದ್ದರೆ ಹಸಿರು ಶಿಲುಬೆಯ ದೀಪ ಇರುವ ಮೆಡಿಕಲ್ ಶಾಪ್‌ಗೆ ಹೋಗಿ. ತುರ್ತು ನಂಬರ್ 112.

ಬೇಸಿಗೆಯಲ್ಲಾದರೆ ಹನ್ನೆರಡರಿಂದ ನಾಲ್ಕರವರೆಗೆ ಮರಳಿನ ಮೇಲೆ ಇರಬೇಡಿ. ಜೂನ್, ಜುಲೈನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಯ ಹೊತ್ತಿಗೆ. ಬೆಳಗ್ಗೆ ಎರಡು ಗಂಟೆ ಸಮುದ್ರ, ಊಟ, ನಿದ್ದೆ, ಐದರ ಮೇಲೆ ಮತ್ತೆ ಸಮುದ್ರ. ಊರಿನವರ ದಿನಚರಿಯೂ ಹೆಚ್ಚುಕಡಿಮೆ ಹೀಗೇ ಇದೆ. ಅಜ್ಜಿ ಸೀರೆಯಲ್ಲೇ ನೀರಿನ ಅಂಚಿಗೆ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಹೋಟೆಲ್‌ನ ಈಜುಕೊಳಕ್ಕೆ ಮಾತ್ರ ಈಜುಡುಗೆ ಬೇಕು.

ಹೆಜ್ಜೆ 7: ಸಮುದ್ರ ಬಿಟ್ಟು ಬೇರೆ ದಿನಗಳು

ಏಳು ದಿನದಲ್ಲಿ ಹೊರಗಿನ ತಿರುಗಾಟಕ್ಕೆ ಮೂರು ದಿನ ಸಾಕು. ಅವನ್ನು ಒಂದರ ಹಿಂದೆ ಒಂದು ಇಡಬೇಡಿ, ನಡುನಡುವೆ ಸಮುದ್ರದ ದಿನ ಬರಲಿ. ಯಾವ ದಿನ ಎಲ್ಲಿಗೆ ಅನ್ನುವುದನ್ನು ಮಳೆಯ ಮುನ್ಸೂಚನೆ ನೋಡಿ ಅಲ್ಲೇ ತೀರ್ಮಾನಿಸಿ.

ಪೋರ್ಟ್‌ಅವೆಂತುರಾ 1995ರಲ್ಲಿ ಶುರುವಾಯಿತು. ಪಕ್ಕದ ಫೆರಾರಿ ಲ್ಯಾಂಡ್ 2017ರಲ್ಲಿ. ಅಲ್ಲಿನ 'ರೆಡ್ ಫೋರ್ಸ್' ರೋಲರ್ ಕೋಸ್ಟರ್ 112 ಮೀಟರ್ ಎತ್ತರ, ಐದು ಸೆಕೆಂಡಿನಲ್ಲಿ ಗಂಟೆಗೆ 180 ಕಿಲೋಮೀಟರ್ ವೇಗ ಮುಟ್ಟುತ್ತದೆ. ಪೋರ್ಟ್‌ಅವೆಂತುರಾದೊಳಗೆ ಹಿಮಾಲಯದ ಕಲ್ಪನೆಯಲ್ಲಿ ಕಟ್ಟಿದ ರೋಲರ್ ಕೋಸ್ಟರ್ 'ಶಾಂಭಾಲಾ'ಗೆ 76 ಮೀಟರ್ ಎತ್ತರ. ಅದಕ್ಕೆ ಹತ್ತಲು 140 ಸೆಂಟಿಮೀಟರ್ ಎತ್ತರ ಇರಬೇಕು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಮಕ್ಕಳ ಎತ್ತರ ಅಳೆದು, ಯಾವುದಕ್ಕೆ ಬಿಡುತ್ತಾರೆ ಯಾವುದಕ್ಕೆ ಬಿಡುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಅರ್ಧ ಗಂಟೆ ಸಾಲಿನಲ್ಲಿ ನಿಂತು ವಾಪಸ್ ಬರುವ ಮಗುವನ್ನು ಸಮಾಧಾನ ಮಾಡುವುದು ಕಷ್ಟ. ಪುಟ್ಟವರಿಗೆ ಸೆಸಮೊ ಅವೆಂತುರಾ ವಿಭಾಗ ಇದೆ. ನೀರಿನ ಪಾರ್ಕ್ ಬೇಸಿಗೆಯಲ್ಲಷ್ಟೇ. ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ, ಆ ದಿನ ಯಾವ ಪಾರ್ಕ್ ತೆರೆದಿದೆ ಅಂತ ಅವರ ಕ್ಯಾಲೆಂಡರ್ ನೋಡಿ.

ತಾರಗೋನಾ ನನಗೆ ಬಹಳ ಇಷ್ಟದ ಊರು. ರೋಮನ್ನರು ಇದನ್ನು ತಾರಾಕೊ ಅನ್ನುತ್ತಿದ್ದರು, 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸಮುದ್ರಕ್ಕೆ ಎದುರಾಗಿ ಕಟ್ಟಿದ ಆಂಫಿಥಿಯೇಟರ್‌ನ ಕಲ್ಲು ಮೆಟ್ಟಿಲ ಮೇಲೆ ಕೂತರೆ ಕೆಳಗೆ ಅಖಾಡ, ಅದರಾಚೆ ನೀಲಿ ನೀರು. ಇತಿಹಾಸ ಬೇಡ ಅನ್ನುವ ಮಕ್ಕಳೂ ಅಲ್ಲಿ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಸಲೌನಿಂದ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟ ಮುಗಿಸಿ ಬಂದುಬಿಡಬಹುದು.

ಸೆಪ್ಟೆಂಬರ್ ಕೊನೆಯಲ್ಲಿ ಹೋಗುವವರಿಗೆ ಇನ್ನೊಂದು ಕಾರಣವೂ ಇದೆ. ಸೆಪ್ಟೆಂಬರ್ 23 ತಾರಗೋನಾದ ಸಾಂತಾ ತೆಕ್ಲಾ ಹಬ್ಬ. ಆ ದಿನಗಳಲ್ಲಿ 'ಕಾಸ್ತೆಲ್' ಅನ್ನುವ ಮನುಷ್ಯ ಗೋಪುರ ಕಟ್ಟುತ್ತಾರೆ. ನಮ್ಮ ಮೊಸರು ಕುಡಿಕೆಯ ಪಿರಮಿಡ್ ಇದೆಯಲ್ಲ, ಅದನ್ನೇ ಏಳೆಂಟು ಅಂತಸ್ತಿಗೆ ಏರಿಸಿದಂತೆ ಅಂದುಕೊಳ್ಳಿ. ಕೆಳಗೆ ನೂರಾರು ಜನ ಒಬ್ಬರಿಗೊಬ್ಬರು ಒತ್ತಿ ನಿಂತು ಬುಡವಾಗುತ್ತಾರೆ. ಹೆಲ್ಮೆಟ್ ಹಾಕಿದ ಪುಟ್ಟ ಮಗು ದೊಡ್ಡವರ ಸೊಂಟಪಟ್ಟಿಗೆ ಕಾಲಿಟ್ಟು, ಹೆಗಲು ಹಿಡಿದು, ತುದಿಯವರೆಗೆ ಹತ್ತಿ ಒಂದು ಕೈ ಮೇಲೆತ್ತಿ ತೋರಿಸುತ್ತದೆ. ಆಗ ಗೋಪುರ ಪೂರ್ತಿಯಾಯಿತು ಅಂತ ಲೆಕ್ಕ. ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷಗಳಲ್ಲಿ, ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಇದೇ ಊರಿನಲ್ಲಿ ಕಾಸ್ತೆಲ್ ಸ್ಪರ್ಧೆಯೂ ನಡೆಯುತ್ತದೆ. ದಸರಾ ರಜೆಗೆ ಹೊಂದಿದರೆ ಬಿಡಬೇಡಿ.

ಬಾರ್ಸಿಲೋನಾಗೆ ಒಂದು ದಿನ. ಸಗ್ರಾದಾ ಫಮಿಲಿಯಾ ಚರ್ಚಿನ ಟಿಕೆಟ್ ಹೊತ್ತಿನ ಸಮೇತ ಮೊದಲೇ ಕಾದಿರಿಸಿ. ಮೆಟ್ರೊದಲ್ಲಿ ಜೇಬುಗಳ್ಳರ ಕಾಟ ಇದೆ, ಪಾಸ್‌ಪೋರ್ಟ್‌ಗಳನ್ನು ಹೋಟೆಲ್ ಲಾಕರ್‌ನಲ್ಲಿಟ್ಟು ನಕಲು ಪ್ರತಿ ಒಯ್ಯಿರಿ. ಹಿರಿಯರಿಗೆ ಆ ದಿನ ಬೇಡ ಅನ್ನಿಸಿದರೆ ಅವರು ಸಲೌನಲ್ಲೇ ಇರಲಿ, ಒತ್ತಾಯ ಮಾಡಬೇಡಿ.

ಹೆಜ್ಜೆ 8: ಹೊರಡುವ ದಿನ

ಹಿಂದಿನ ಸಂಜೆಯೇ ಕೊನೆಯ ಸಮುದ್ರ ಸ್ನಾನ ಮುಗಿಸಿ, ಈಜುಡುಗೆ ರಾತ್ರಿಯಿಡೀ ಒಣಗಲು ಬಿಡಿ. ವಿಮಾನ ಸಂಜೆಗಿದ್ದರೆ ರೂಮು ಬಿಟ್ಟ ಮೇಲೆ ಪೆಟ್ಟಿಗೆಗಳನ್ನು ಹೋಟೆಲ್‌ನಲ್ಲೇ ಇಟ್ಟುಕೊಳ್ಳುತ್ತಾರಾ ಅಂತ ಕೇಳಿ, ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ವಿಮಾನ ಬೆಳಗಿನ ಜಾವಕ್ಕಿದ್ದರೆ ಹಿಂದಿನ ರಾತ್ರಿ ಬಾರ್ಸಿಲೋನಾ ವಿಮಾನ ನಿಲ್ದಾಣದ ಹತ್ತಿರ ಉಳಿಯುವುದೇ ಸರಿ.

ಬಟ್ಟೆ, ಚಪ್ಪಲಿ, ಉಡುಗೊರೆ ಕೊಂಡಿದ್ದರೆ ತೆರಿಗೆ ವಾಪಸ್ ಸಿಗುತ್ತದೆ. ಯುರೋಪ್ ಒಕ್ಕೂಟದ ಹೊರಗೆ ನೆಲೆಸಿರುವವರಿಗೆ ಮಾತ್ರ ಇದು. ಜರ್ಮನಿಯಲ್ಲಿ ವಾಸ ಇರುವವರಿಗೆ ಸಿಗುವುದಿಲ್ಲ. ಸ್ಪೇನ್‌ನಲ್ಲಿ 2018ರಿಂದ ಇದಕ್ಕೆ ಕನಿಷ್ಠ ಮೊತ್ತದ ಮಿತಿಯೂ ಇಲ್ಲ. ಅಂಗಡಿಯಲ್ಲಿ ಪಾಸ್‌ಪೋರ್ಟ್ ನಂಬರ್ ಕೊಟ್ಟು 'ದೀವಾ' ಫಾರ್ಮ್ ಕೇಳಿ ಪಡೆಯಬೇಕು. ವಿಮಾನ ನಿಲ್ದಾಣದಲ್ಲಿ ದೀವಾ ಯಂತ್ರಗಳಿವೆ, ಫಾರ್ಮಿನ ಕೋಡ್ ಅಲ್ಲಿ ತೋರಿಸಬೇಕು. ಕೆಲವೊಮ್ಮೆ ಯಂತ್ರ ಕಸ್ಟಮ್ಸ್ ಕೌಂಟರ್‌ಗೆ ಕಳಿಸುತ್ತದೆ, ಅಲ್ಲಿ ಸಾಮಾನು ತೋರಿಸಿ ಅನ್ನುತ್ತಾರೆ. ಆದ್ದರಿಂದ ಈ ಕೆಲಸ ಮುಗಿಸಿಕೊಂಡೇ ಪೆಟ್ಟಿಗೆಗಳನ್ನು ಚೆಕ್ ಇನ್‌ಗೆ ಕೊಡಿ.